ಅಡುಗೆ ಒಲೆಯ ಮೇಲೆ ಸೀಸ

ವಾಸಂತಿಗೆ ಮತ್ತೆ ಹೊಟ್ಟೆನೋವು. ಮೂರು ವರ್ಷದ ಕೂಸು ಸರಿಯಾಗಿ ಊಟ ಮಾಡಿ ತಿಂಗಳಾಗಿತ್ತು. ಹುಳುವಿನ ಔಷಧಿ ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ತಾಯಿ ನಾಗಮಣಿಗೆ ದಿಕ್ಕೇ ತೋಚದು.

"ವಲಿಕ್ಕುದು ಅಮ್ಮಾ," ಎಂದು ಮಗು ಬೀದಿಯಲ್ಲಿ ಕಲಿತ ತಮಿಳಿನಲ್ಲೇ ನೋವು ಹೇಳಿಕೊಳ್ಳುತ್ತಿತ್ತು.

ನಾಗಮಣಿಯ ಗಂಡ ಹರಿಹರ ಮದರಾಸಿನ ರೈಲ್ವೆಯಲ್ಲಿ ಫಿಟ್ಟರ್. ಸಕಲೇಶಪುರದ ಕಡೆ ಅವನ ಅಣ್ಣನ ಗದ್ದೆಗೆ ಹಂದಿ ನುಗ್ಗುತ್ತಿದ್ದವು. ಅಣ್ಣನ ಬಳಿ ಲೈಸೆನ್ಸಿನ ಹಳೇ ಕೋವಿ ಇತ್ತು, ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಅದಕ್ಕೆ ಸೀಸದ ಗುಂಡು ಎರಕ ಹೊಯ್ದು ಕಳಿಸುವುದೆಂದರೆ ತಮ್ಮನಿಗೆ ಎಲ್ಲಿಲ್ಲದ ಅಭಿಮಾನ. ಭಾನುವಾರ ಬಂತೆಂದರೆ ಮದರಾಸಿನ ಪೋರೂರು ಬಡಾವಣೆಯ ತಮ್ಮ ಒಂದೇ ಕೋಣೆಯ ಮನೆಯಲ್ಲಿ, ಕಿಟಕಿ ಮುಚ್ಚಿ, ಅಡುಗೆ ಒಲೆಯ ಮೇಲೇ ಸೀಸ ಕರಗಿಸುತ್ತಿದ್ದ. ತಣ್ಣಗಾದ ಗುಂಡುಗಳನ್ನು ವಾಸಂತಿ ಉರುಳಿಸಿ ಆಡುತ್ತಿದ್ದಳು.

ಪಕ್ಕದ ಮನೆಯ ಸುಮತಿ ನರ್ಸ್. ಒಂದು ಭಾನುವಾರ ಹೆಪ್ಪು ಕೇಳಲು ಬಂದವಳು, ಒಲೆಯ ಮೇಲೆ ಕರಗುತ್ತಿದ್ದ ಸೀಸ ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ಅಣ್ಣಾ, ಅದು ವಿಷ! ಪಾಪು ಹೊಟ್ಟೆನೋವು ಇದರಿಂದಾನೇ ಇರಬೇಕು."

ಹರಿಹರ ನಕ್ಕ. "ನೀವು ದಿನಾ ಈಯದ ಚೊಂಬಲ್ಲಿ ರಸಂ ಕಾಯಿಸ್ತೀರಲ್ಲ ಸಿಸ್ಟರ್, ಈಯ ಅಂದ್ರೂ ಸೀಸಾನೇ ಅಲ್ವಾ, ನಿಮಗೇನಾಗಿದೆ?"

"ಅದು ತವರ ಅಣ್ಣಾ, ಇದು ಸೀಸ. ಇದರ ಹೊಗೆ, ಧೂಳು ನೆಲದ ಮೇಲೆ, ಪಾತ್ರೆ ಮೇಲೆ ಕೂರತ್ತೆ. ಮಗು ಕೈಯಿಂದ ಬಾಯಿಗೆ ಹೋಗತ್ತೆ. ನಾಳೇನೇ ರಕ್ತ ಟೆಸ್ಟ್ ಮಾಡ್ಸಿ."

"ನಮ್ಮಪ್ಪನೂ ಹೊಯ್ತಿದ್ರು. ಸುಮ್ನೆ ಹೆದರಿಸಬೇಡಿ."

ಹರಿಹರ ಕೆಟ್ಟವನಲ್ಲ, ಹಿಡಿದದ್ದೇ ಹಟ, ಅಷ್ಟೇ. ನಾಗಮಣಿಗೆ ಆಗಲೇ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಡಬೇಕೆನಿಸಿತು. ಗಂಡನ ಮಾತು ಮೀರುವ ಧೈರ್ಯ ಬರಲಿಲ್ಲ. ಹತ್ತು ದಿನ ಹಾಗೇ ಕಳೆಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಮಗುವಿಗೆ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಮೂರು ವಾರ. ರಕ್ತದ ತುಂಬ ಸೀಸ. ವಾಸಂತಿ ಬದುಕಿದಳು, ಆದರೆ ಮಾತು ನಿಂತುಹೋಯಿತು. ಕರೆದರೆ ತಿರುಗಿ ನೋಡುತ್ತಾಳೆ.

"ಮಾತು ವಾಪಸ್ ಬರತ್ತಾ ಸಿಸ್ಟರ್?" ಹರಿಹರ ಸುಮತಿಯನ್ನು ಕೇಳಿದ.

"ಹೇಳಕ್ಕಾಗಲ್ಲ ಅಣ್ಣಾ. ಮೆದುಳಿಗೇ ಪೆಟ್ಟು ಬಿದ್ದಿದೆ."

ಅವನು ಅಂದೇ ಅಣ್ಣನಿಗೆ ಕಾಗದ ಬರೆದ: "ಇನ್ನು ನನ್ನಿಂದ ಗುಂಡು ಬರುವುದಿಲ್ಲ. ನೀನೂ ಮನೆಯೊಳಗೆ ಸೀಸ ಕಾಯಿಸಬೇಡ. ನಿನ್ನ ಮನೆಯಲ್ಲೂ ಮಕ್ಕಳಿದ್ದಾರೆ."

ಅಕ್ಕಂದಿರೇ, ಅಣ್ಣಂದಿರೇ, ಗುಂಡಿಗಾಗಲಿ, ಮೀನುಬಲೆಯ ತೂಕಕ್ಕಾಗಲಿ, ಮನೆಯಲ್ಲಿ ಸೀಸ ಕರಗಿಸಬೇಡಿ. ಕರಗಿಸಿದ್ದರೆ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ಮನೆಯವರು ಒಪ್ಪಲಿ ಎಂದು ನಾಗಮಣಿ ಹತ್ತು ದಿನ ಕಾದಳು. ನೀವು ಕಾಯಬೇಡಿ, ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಡಿ.