ಉಜ್ಜಿದ ಜಾಗ

“ನನ್ನ ಅಕ್ಷರ ಯಾಕ ಉಜ್ಜಿದಿ ಯಪ್ಪಾ? ಕೈ ಹೆಂಗ ಬಂತು ನಿನಗ?”

ಶಿವಗಂಗಾ ಕೂಗಿದ್ದು ಸನತ್‌ನಗರದ ಆ ಸಾಲಿನ ಶೆಡ್ಡುಗಳಿಗೆಲ್ಲ ಕೇಳಿಸಿತು. ಅವಳ ಅಪ್ಪ ಅಮರಯ್ಯ ಲೋಹ ಉಜ್ಜುವ ಅರವನ್ನು ಮೇಜಿಗೆ ಕುಕ್ಕಿದ.

“ಏ, ದನಿ ತಗ್ಗಿಸು. ವರ್ಕ್‌ಶಾಪ್ ನಂದೈತಿ, ಅಕ್ಷರಾನೂ ನಂದ ಇರ್ತೈತಿ.”

“ವರ್ಕ್‌ಶಾಪ್ ನಿಂದು. ವೆಲ್ಡಿಂಗ್ ಯಾರ್ದು?”

ಅವನ ಮೈ ಉರಿಯಿತು. ಬೆಸೆದವರು ಟ್ಯಾಂಕಿನ ಮೂಲೆಯಲ್ಲಿ ತಮ್ಮ ಅಕ್ಷರ ಒತ್ತಬೇಕೆಂಬ ಪದ್ಧತಿ ಮಾಡಿದವನೇ ಅವನು. ನಾಳೆ ಸೋರಿದರೆ ಯಾರ ಕೆಲಸವೆಂದು ತಿಳಿಯಲಿ ಅಂತ. ಮಗಳು ಕೆಲಸ ಕಲಿತಾಗ, ಒತ್ತಲೆಂದು ಉಕ್ಕಿನ ಸರಳಿನ ತುದಿಗೆ ‘ಶಿ’ ಕೊರೆದುಕೊಟ್ಟವನೂ ಅವನೇ. ಈಚೆಗೆ ಅವನ ಬಲಗೈ ನಡುಗುತ್ತಿತ್ತು. ತೆಳು ಅಲ್ಯುಮಿನಿಯಂಗೆ ಬೆಸುಗೆಯ ಬೆಂಕಿ ತಾಗಿಸಿದರೆ ತೂತೇ ಬೀಳುತ್ತಿತ್ತು. ಈ ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಮಗಳೇ ಬೆಸೆದಿದ್ದಳು. ಬೆಳಿಗ್ಗೆ ಅವಳು ಬರುವ ಮೊದಲೇ ಅವನು ‘ಶಿ’ ಉಜ್ಜಿ ‘ಅ’ ಒತ್ತಿದ್ದ. ತನ್ನ ಪುಟ್ಟ ವಿಮಾನವನ್ನು ತಾನೇ ಕಟ್ಟುತ್ತಿದ್ದ ಸಾಫ್ಟ್‌ವೇರಿನ ಚಂದ್ರಹಾಸ, ಟ್ಯಾಂಕು ಒಯ್ಯಲು ಸಂಜೆ ಬರುವವನಿದ್ದ.

“ಪೆಟ್ರೋಲ್ ತುಂಬಿಕೊಂಡು ಮ್ಯಾಲೆ ಹಾರೋ ಮನಷ್ಯಾ ಅಂವ. ಹುಡುಗಿ ಬೆಸದಾಳ ಅಂದ್ರ ತಗೋತಾನೇನು?”

“ಕೇಳೀದೇನು ಅವ್ರನ್ನ?”

ಕೇಳಿರಲಿಲ್ಲ. ಅಮರಯ್ಯ ಸೋರಿಕೆ ನೋಡಲು ಸೈಕಲ್ ಪಂಪಿನಿಂದ ಟ್ಯಾಂಕಿಗೆ ಗಾಳಿ ತುಂಬಿ, ಬೆಸುಗೆಯ ಉದ್ದಕ್ಕೂ ಸೋಪಿನ ನೊರೆ ಹಚ್ಚಿದ. ಎಲ್ಲ ಕಡೆ ನೊರೆ ತಣ್ಣಗೆ ಕೂತಿತು. ‘ಅ’ ಅಕ್ಷರದ ಮಗ್ಗುಲಲ್ಲಿ ಮಾತ್ರ ಒಂದು ಗುಳ್ಳೆ ಎದ್ದು ಒಡೆಯಿತು. ಮತ್ತೆ ಎದ್ದಿತು. ಬೆಳಿಗ್ಗೆ ‘ಶಿ’ ಉಜ್ಜುವಾಗ ಅರ ಬೆಸುಗೆಯನ್ನೂ ತಿಂದಿತ್ತು.

ಬೇಗಂಪೇಟೆಗೆ ಇಳಿಯುತ್ತಿದ್ದ ವಿಮಾನವೊಂದು ತಗಡಿನ ಸೂರನ್ನು ಅದುರಿಸಿ ಹೋಯಿತು.

“ನಿನ್ನೆ ನಾ ನೋಡಿದಾಗ ಒಂದ್ ಗುಳ್ಳಿನೂ ಇರಲಿಲ್ಲ,” ಎಂದಳು ಶಿವಗಂಗಾ.

“ಆತು, ಅಲ್ಲೊಂದೀಟು ಬೆಸಿ.” ಅವನು ಅವಳ ಮುಖ ನೋಡಲಿಲ್ಲ. “ನನ್ನ ಅಕ್ಷರಕ್ಕ ಮಾತ್ರ ಬೆಂಕಿ ತಾಗಸಬ್ಯಾಡ.”

ಅವಳು ಚರ್ಮದ ಕೈಗವಸು ಬಿಚ್ಚಿ ಟ್ಯಾಂಕಿನ ಮೇಲಿಟ್ಟಳು.

“ಅಕ್ಷರ ನಿಂದು ಅಂದ್ರ ಸೋರೋದೂ ನಿಂದ ಯಪ್ಪಾ.”

‘ಶಿ’ ಕೊರೆದ ಸರಳನ್ನು ಊಟದ ಚೀಲಕ್ಕೆ ಹಾಕಿಕೊಂಡು ಹೊರಟಳು.

“ಹೋಗು! ತಿರುಗಿ ಈ ಕಡೆ ಕಾಲಿಟ್ಟೀಯಂದ್ರ ನೋಡು!”

ಅವಳು ತಿರುಗಿ ಬರಲಿಲ್ಲ. ಸಂಜೆ ಓಣಿಯ ತುದಿಯಲ್ಲಿ ಚಂದ್ರಹಾಸನ ಕಾರಿನ ಹಾರ್ನ್ ಕೇಳಿದಾಗ ಅಮರಯ್ಯ ಟ್ಯಾಂಕಿಗೆ ಮತ್ತೆ ಗಾಳಿ ತುಂಬಿ, ನೊರೆ ಹಚ್ಚಿ ಅದರ ಮುಂದೆಯೇ ಕೂತಿದ್ದ. ಗುಳ್ಳೆ ಏಳುವ ಜಾಗವನ್ನು ಹೆಬ್ಬೆರಳಿನಿಂದ ಅಮುಕಿ ಹಿಡಿದ. ಬೆರಳಿನ ಅಂಚಿನಿಂದ ನೊರೆ ಮೆಲ್ಲಗೆ ಉಬ್ಬಿ ಬರುತ್ತಿತ್ತು.