ಕಾಲುಂಗುರದ ಜಾಗದಲ್ಲಿ ದಾರ

ಗುರುವಾರ ಬಂತೆಂದರೆ ಭದ್ರಾವತಿ ನ್ಯೂ ಟೌನಿನ ಆ ಹಳೇ ಕ್ವಾರ್ಟರ್ಸಿನ ಜಗಲಿಯ ತುಂಬ ಬಸುರಿಯರ ಚಪ್ಪಲಿಗಳು. ಶಿವಮೊಗ್ಗದ ಸವಳಂಗ ರಸ್ತೆಯ ಆಸ್ಪತ್ರೆಯೊಂದು ವಾರಕ್ಕೊಮ್ಮೆ ಅಲ್ಲಿ ತಪಾಸಣೆ ನಡೆಸುತ್ತಿತ್ತು. ಒಳಗೆ ಒಂದು ಮೇಜು, ಮೇಜಿನ ಹಿಂದೆ ಕೈಯುಳ್ಳ ಮರದ ಕುರ್ಚಿ, ಮೂಲೆಯಲ್ಲಿ ತೂಕದ ಮಿಷನ್ನು, ಅದರ ಪಕ್ಕ ಒಂದು ಸ್ಟೂಲು. ಗೋಡೆಗೆ ದೇವರ ಪಟ, ಅದರ ಕೆಳಗಿನ ಹಲಗೆಯ ಮೇಲೆ ಅರಿಸಿನ ಕುಂಕುಮದ ಬಟ್ಟಲು.

ಮೈತ್ರಿಗೆ ಬೇಕಾದದ್ದು ಆ ಕುರ್ಚಿ.

ಅವಳ ತಾಯಿ ದ್ಯಾಮಮ್ಮ ಆ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು. ನೆಲ ಒರೆಸಿ, ಬಿಸಿನೀರು ಕಾಯಿಸಿ, ಕೊನೆಗೆ ಒದ್ದೆ ಬಟ್ಟೆಯಿಂದ ಆ ಕುರ್ಚಿಯ ಕೈಗಳನ್ನು ಒರೆಸಿದರೆ ಅವಳ ಕೆಲಸ ಮುಗಿಯಿತು. ಯಾರೂ ಇಲ್ಲದಾಗಲೂ ಅದರ ಮೇಲೆ ಕೂತವಳಲ್ಲ. ಸ್ಕೂಲು ಬಿಟ್ಟು ಬಂದ ಮೈತ್ರಿ ಕೂರಲು ಹೋದರೆ ತೊಡೆ ಹಿಡಿದು ಜಿಗುಟುತ್ತಿದ್ದಳು. ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿಯಾಗಿದ್ದ ಅಪ್ಪ ಪುಟ್ಟಪ್ಪನ ಕೆಲಸ ಹೋದ ಮೇಲೂ ಮಗಳ ನರ್ಸಿಂಗ್ ಓದು ನಿಲ್ಲಲಿಲ್ಲ. ಬಿ.ಎಸ್ಸಿ. ಮುಗಿಸಿ, ಹೆರಿಗೆ ವಾರ್ಡಿನಲ್ಲಿ ಐದು ವರ್ಷ ದುಡಿದು, ಈಗ ಅವಳು ನರ್ಸ್ ಪ್ರಾಕ್ಟೀಷನರ್ ಆಗುವ ಹದಿನೆಂಟು ತಿಂಗಳ ತರಬೇತಿಯಲ್ಲಿದ್ದಳು.

ಈ ತರಬೇತಿಯಲ್ಲಿ ಪಾಸಾದ ನರ್ಸು ಡಾಕ್ಟರಿಗಾಗಿ ಕಾಯದೆ ಬಸುರಿಯನ್ನು ತಾನೇ ಪರೀಕ್ಷಿಸಬಹುದು, ಸಹಜ ಹೆರಿಗೆ ಮಾಡಿಸಬಹುದು, ಯಾವ ಹೊತ್ತಿಗೆ ಡಾಕ್ಟರನ್ನು ಕರೆಯಬೇಕೆಂದು ತೀರ್ಮಾನಿಸಬಹುದು. ಆದರೆ ಪಾಸಾಗುವ ತನಕ ಗುರುವಿನ ಕಣ್ಣಿಲ್ಲದೆ ಒಂದು ಕೆಲಸವೂ ಇಲ್ಲ. ಮೊದಲು ನೋಡಬೇಕು, ಆಮೇಲೆ ಕೈಜೋಡಿಸಬೇಕು, ಆಮೇಲೆ ಗುರು ಪಕ್ಕದಲ್ಲಿದ್ದಾಗ ಮಾಡಬೇಕು, ಕಟ್ಟಕಡೆಗೆ ಗುರು ಇನ್ನೊಂದು ಕೋಣೆಯಲ್ಲಿ ಕೂತಿದ್ದಾಗ ಒಬ್ಬಳೇ ಮಾಡಬೇಕು. ಪ್ರತಿಯೊಂದಕ್ಕೂ ಲಾಗ್‌ಬುಕ್ಕಿನಲ್ಲಿ ಗುರುವಿನ ಸಹಿ. ಭದ್ರಾವತಿಗೆ ಬರುತ್ತಿದ್ದ ವಿದ್ಯಾರ್ಥಿನಿಯರು ಇಬ್ಬರು, ಅವರ ಗುರು ಶಾಮಲಾ ಮೇಡಂ. ಮುಂದಿನ ಗುರುವಾರದಿಂದ ಇಬ್ಬರಲ್ಲಿ ಒಬ್ಬಳನ್ನು ಆ ಕುರ್ಚಿಯಲ್ಲಿ ಕೂರಿಸಿ, ತಾವು ಒಳಕೋಣೆಯಲ್ಲಿ ಇರುವುದಾಗಿ ಮೇಡಂ ಹೇಳಿದ್ದರು.

ಇನ್ನೊಬ್ಬಳು ಶಾಂಭವಿ. ವಿದ್ಯಾನಗರದವಳು, ಬಟ್ಟೆ ಅಂಗಡಿ ಷಡಕ್ಷರಪ್ಪನವರ ಮಗಳು. ಹಣೆಯಲ್ಲಿ ತೆಳ್ಳಗೆ ವಿಭೂತಿ, ಎತ್ತರಿಸದ ದನಿ. ಅವಳಮ್ಮ ಶಂಕರಮ್ಮ ಮೂವರಿಗೂ ಆಗುವಷ್ಟು ರೊಟ್ಟಿ, ಎಣ್ಣೆಗಾಯಿ ಕಟ್ಟಿ ಕಳಿಸುತ್ತಿದ್ದರು. ಮೈತ್ರಿ ಅದನ್ನು ತಿನ್ನುತ್ತಲೂ ಇದ್ದಳು, ತಿಂದ ಮೇಲೆ ಉರಿಯುತ್ತಲೂ ಇದ್ದಳು. ಶಾಂಭವಿಯ ಮೇಲೆ ಹೇಳಿಕೊಳ್ಳುವಂಥ ತಕರಾರು ಒಂದೂ ಸಿಗದಿದ್ದುದೇ ಉರಿಯನ್ನು ಹೆಚ್ಚಿಸುತ್ತಿತ್ತು.

ಎಲ್ಲಕ್ಕಿಂತ ಮೈತ್ರಿಯನ್ನು ಸುಟ್ಟದ್ದು ಹೆಜ್ಜೆಗಳ ಲೆಕ್ಕ. ಶಾಂಭವಿ ಬಸುರಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿ, ಬೆನ್ನೆಲ್ಲಿ ಎಂದು ನೋಡುವಾಗ ಶಾಮಲಾ ಮೇಡಂ ಕಿಟಕಿಯ ಹತ್ತಿರ ಆರು ಹೆಜ್ಜೆ ದೂರ ನಿಲ್ಲುತ್ತಿದ್ದರು. ಮೈತ್ರಿಯ ಸರದಿ ಬಂದಾಗ ಮಾತ್ರ ಎದ್ದು ಬಂದು ಅವಳ ಭುಜಕ್ಕೆ ತಾಗುವಂತೆ ನಿಲ್ಲುತ್ತಿದ್ದರು. ಒಂದು ದಿನ, ಎರಡು ದಿನ ಅಲ್ಲ, ಎಂಟು ತಿಂಗಳು ಹೀಗೇ. ಆಯಾಳ ಮಗಳ ಕೈಯನ್ನು ನಂಬುವುದು ಹೇಗೆ ಎಂದಲ್ಲವೇ ಇದರ ಅರ್ಥ ಎಂದು ಅವಳು ಬಸ್ಸಿನಲ್ಲಿ ಕೂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹೊಟ್ಟೆಕಿಚ್ಚು ಒಳಗೆ ಬರುವಾಗ ಬಾಗಿಲು ತಟ್ಟುವುದಿಲ್ಲ. ಮೈತ್ರಿ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಕೈಮುಗಿಯುವವಳು. ಮೊದಮೊದಲು 'ಆ ಕುರ್ಚಿ ನನಗೆ ಕೊಡು ಸ್ವಾಮಿ' ಅನ್ನುತ್ತಿದ್ದಳು. ಬರಬರುತ್ತ ಅದೇ ಬೇಡಿಕೆ 'ಅವಳಿಗೆ ಮಾತ್ರ ಕೊಡಬೇಡ' ಎಂದಾಗಿತ್ತು. ದೀಪ ಎಂದಿನ ಹಾಗೇ ಉರಿಯುತ್ತಿತ್ತು. ಬೇಡಿಕೆ ಬದಲಾದದ್ದು ಅವಳ ಗಮನಕ್ಕೇ ಬರಲಿಲ್ಲ.

ಆ ಗುರುವಾರ ಶಾಂಭವಿಯ ಸರದಿ ಪರೀಕ್ಷೆಗೆ, ಮೈತ್ರಿಯದು ತೂಕಕ್ಕೆ. ಹನ್ನೊಂದೂವರೆಯ ಹೊತ್ತಿಗೆ ಸ್ಪಂದನಾ ಎಂಬ ಹುಡುಗಿ ಬಂದಳು. ಚೊಚ್ಚಲು, ಮೂವತ್ತನಾಲ್ಕು ವಾರ. ಅತ್ತೆ ಜಗಲಿಯಲ್ಲಿ ಯಾರ ಜೊತೆಗೋ ಮಾತಿಗೆ ನಿಂತಿದ್ದಳು. ತೂಕದ ಮಿಷನ್ನಿನ ಮೇಲೆ ಕಾಲಿಟ್ಟ ಹುಡುಗಿ ಹಲ್ಲು ಕಚ್ಚಿದಳು. ಮೈತ್ರಿ ಬಗ್ಗಿ ನೋಡಿದರೆ ಪಾದಗಳು ಊದಿ, ಎಡಗಾಲಿನ ಬೆಳ್ಳಿ ಕಾಲುಂಗುರ ಮಾಂಸದಲ್ಲಿ ಹೂತು, ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು.

"ಬಿಚ್ಚಬೇಡಿ ಅಕ್ಕಾ, ಅತ್ತೆ ಬೈತಾರೆ. ಗಂಡ ಇರೋಳು ಬರಿ ಬೆರಳಲ್ಲಿ ಇರಬಾರದು ಅಂತಾರೆ."

"ಬೈಯದ ಹಾಗೆ ನಾನು ಮಾಡ್ತೀನಿ, ಕೂತ್ಕೋ."

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮಗುವಿನ ಎದೆಬಡಿತ ಕೇಳುವಾಗ ಹೊಟ್ಟೆಗೆ ಹಚ್ಚುವ ಜೆಲ್ ತಂದು ಬೆರಳಿಗೆ ಸವರಿ, ತಿರುವಿ ತಿರುವಿ ಉಂಗುರವನ್ನು ಹೊರತೆಗೆದಳು. ಫೈಲು ಕಟ್ಟುವ ಬಿಳಿ ದಾರವನ್ನು ತುಂಡು ಮಾಡಿ, ದೇವರ ಪಟದ ಕೆಳಗಿನ ಅರಿಸಿನ ಹಚ್ಚಿ, ಕಾಲುಂಗುರದ ಜಾಗದಲ್ಲಿ ಸಡಿಲವಾಗಿ ಕಟ್ಟಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಆ ಸಲಿಗೆಯಲ್ಲಿ ಬಾಯಿ ಬಿಟ್ಟಳು. ಎರಡು ದಿನದಿಂದ ತಲೆ ಸಿಡಿಯುತ್ತಿದೆ, ಕಣ್ಣೆದುರು ಮಿಣುಕು ಹುಳು ಹಾರಿದ ಹಾಗಾಗುತ್ತದೆ, ಅತ್ತೆಗೆ ಹೇಳಿದರೆ ಕೆಲಸಗಳ್ಳಿ ಅನ್ನುತ್ತಾರೆ ಎಂದಳು.

ಬಸುರಿನಲ್ಲಿ ಊತ, ತಲೆಸಿಡಿತ, ಕಣ್ಣಿಗೆ ಮಿಣುಕು. ಮೂರೂ ಸೇರಿದರೆ ಏನೆಂದು ಐದು ವರ್ಷ ವಾರ್ಡಿನಲ್ಲಿ ದುಡಿದವಳಿಗೆ ಯಾರೂ ಹೇಳಬೇಕಿರಲಿಲ್ಲ. ರಕ್ತದೊತ್ತಡ ಏರುತ್ತಿದೆ, ಬಿಟ್ಟರೆ ಫಿಟ್ಸು ಬರುತ್ತದೆ, ತಾಯಿಗೂ ಮಗುವಿಗೂ ಅಪಾಯ. ಮೈತ್ರಿ ಎದ್ದಳು. ಅಷ್ಟು ಹೊತ್ತಿಗೆ ಅತ್ತೆ ಒಳಗೆ ಬಂದು ಸೊಸೆಯನ್ನು ಶಾಂಭವಿಯ ಮುಂದೆ ಕೂರಿಸಿದ್ದಳು. ಮೈತ್ರಿ ನಿಂತಲ್ಲೇ ನಿಂತಳು. ಶಾಂಭವಿಯೇ ಕೇಳಿ ತಿಳಿಯಲಿ ಎಂದುಕೊಂಡಳು. ಅದು ಅವಳ ಸರದಿ ತಾನೇ.

ಶಾಂಭವಿ ಕೇಳಿದಳು, ಕೇಳಲಿಲ್ಲವೆಂದಲ್ಲ. ತಲೆನೋವು ಇದೆಯಾ ಅಂದಾಗ ಏನಿಲ್ಲ ತಾಯಿ ಎಂದು ಅತ್ತೆ ಉತ್ತರ ಕೊಟ್ಟಳು. ಮೂತ್ರ ಪರೀಕ್ಷೆಗೆ ಕೊಡಮ್ಮಾ ಅಂದಾಗ ಮನೇಲಿ ಆಗಿದೆ, ಈಗ ಬರಲ್ಲ ಎಂದೂ ಅತ್ತೆಯೇ ಹೇಳಿದಳು. ಬಿಪಿ ನೂರ ಮೂವತ್ತೆಂಟು, ಎಂಬತ್ತೆಂಟು. ಕಾಗದನಗರದಿಂದ ನಡೆದು ಬಂದಿದ್ದಾರೆ, ಅದಕ್ಕೆ ಸ್ವಲ್ಪ ಏರಿದೆ ಎಂದು ಬರೆದು, ವಾರ ಬಿಟ್ಟು ಬರಲು ಹೇಳಿ, ಶಾಂಭವಿ ಮೇಡಂಗೆ ವರದಿ ಒಪ್ಪಿಸಿದಳು.

ಶಾಮಲಾ ಮೇಡಂ ಅವರದು ಒಂದು ಪದ್ಧತಿ. ಒಬ್ಬಳ ವರದಿ ಮುಗಿದ ಕೂಡಲೇ ಇನ್ನೊಬ್ಬಳ ಕಡೆ ತಿರುಗಿ ಅದೇ ಒಂದು ಪ್ರಶ್ನೆ ಕೇಳುವರು. ಅಂದೂ ಕೇಳಿದರು.

"ಮೈತ್ರಿ, ಸೇರಿಸೋದೇನಾದ್ರೂ ಇದೆಯಾ?"

ಮೇಡಂ ಹೇಗೂ ನೋಡುತ್ತಾರೆ, ಈಗ ಹಿಡಿಯುತ್ತಾರೆ, ಶಾಂಭವಿ ಸಿಕ್ಕಿಬೀಳುತ್ತಾಳೆ ಎಂದು ಮೈತ್ರಿಯ ಮನಸ್ಸು ಸರಸರನೆ ಓಡಿತು. ಕುರ್ಚಿ ಮೂರು ಮೊಳ ದೂರದಲ್ಲಿತ್ತು.

"ಇಲ್ಲ ಮೇಡಂ," ಅಂದಳು.

ಸ್ಪಂದನಾ ಜಗಲಿಗೆ ಹೋಗಿ ಚಪ್ಪಲಿ ಹುಡುಕುತ್ತಿದ್ದಳು. ಅತ್ತೆ ಆಗಲೇ ಗೇಟಿನ ಹತ್ತಿರ. ಮೇಡಂ ಪೆನ್ನು ತೆಗೆದರು. ಸಹಿ ಹಾಕಿಯೇ ಬಿಡುತ್ತಾರೇನೋ ಎನ್ನಿಸಿತು ಮೈತ್ರಿಗೆ. ಕೂಗಬೇಕೆಂದು ಬಾಯಿ ತೆರೆದಳು. ಕೂಗಿದರೆ ಈಗ ತಾನೇ ಹೇಳಿದ 'ಇಲ್ಲ' ಸುಳ್ಳಾಗುತ್ತದಲ್ಲ ಎಂದು ಬಾಯಿ ಹಾಗೇ ನಿಂತಿತು.

ಮೇಡಂ ಸಹಿ ಹಾಕಲಿಲ್ಲ. ಒಬ್ಬೊಬ್ಬರನ್ನೂ ಒಮ್ಮೆ ಕಣ್ಣಾರೆ ನೋಡದೆ ಅವರು ಹಾಕುತ್ತಲೂ ಇರಲಿಲ್ಲ. ಪೆನ್ನು ಹಿಡಿದುಕೊಂಡೇ ಜಗಲಿಗೆ ಹೋದರು. ಚಪ್ಪಲಿಯೊಳಗೆ ಹೋಗದೆ ಒದ್ದಾಡುತ್ತಿದ್ದ ಪಾದ, ಅದರ ಬೆರಳಿನ ಮೇಲೆ ಉಂಗುರದ ಆಳವಾದ ಗುರುತು, ಗುರುತಿನ ಮೇಲೆ ಅರಿಸಿನದ ದಾರ ಅವರ ಕಣ್ಣಿಗೆ ಬಿತ್ತು. ಅದು ಫೈಲಿನ ದಾರವೆಂದೂ ಗೊತ್ತಾಯಿತು. ಯಾರಮ್ಮ ಕಟ್ಟಿದ್ದು ಎಂದು ಕೇಳಿದರು. ಹುಡುಗಿ ಮೈತ್ರಿಯ ಕಡೆ ಬೆರಳು ತೋರಿಸಿ, ಆ ಅಕ್ಕ, ತುಂಬ ಒಳ್ಳೇವರು ಅಂದಳು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಎಡಮಗ್ಗುಲಿಗೆ ಮಲಗಿಸಿ ಮತ್ತೆ ನೋಡಿದಾಗ ಬಿಪಿ ನೂರ ಐವತ್ತೆಂಟು, ನೂರ ಆರು. ಅತ್ತೆಯನ್ನು ಹೊರಗೆ ಕಳಿಸಿದ ಮೇಲೆ ಹುಡುಗಿ ತಲೆಸಿಡಿತವನ್ನೂ ಹೇಳಿದಳು, ಮೂತ್ರವನ್ನೂ ಕೊಟ್ಟಳು. ಅದರಲ್ಲಿ ಪ್ರೋಟೀನು ಹೋಗುತ್ತಿತ್ತು. ಮೇಡಂ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ಫಿಟ್ಸು ತಡೆಯುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸು ತರಿಸಿದರು. ಡ್ರೈವರನ ಪಕ್ಕ ಶಾಂಭವಿ, ಹಿಂದೆ ಮೇಡಂ, ಅತ್ತೆ, ಮೈತ್ರಿ. ಶಿವಮೊಗ್ಗ ಮುಟ್ಟುವ ತನಕ ಮೈತ್ರಿ ಹುಡುಗಿಯ ಮಣಿಕಟ್ಟು ಬಿಡಲಿಲ್ಲ. ಹೇಳಿದ ಹೊತ್ತಿಗೆ ಬಿಪಿ ನೋಡಿದಳು, ಬರೆದಳು. ಹುಡುಗಿ ಸೆರಗಿನ ಗಂಟು ಬಿಚ್ಚಿ ಬೆಳ್ಳಿ ಕಾಲುಂಗುರವನ್ನು ಅವಳ ಅಂಗೈಯಲ್ಲಿಟ್ಟಳು. "ಇಟ್ಕೊಂಡಿರಿ ಅಕ್ಕಾ. ನಿಮ್ಮ ಹತ್ರ ಇದ್ರೆ ನಂಗೆ ಧೈರ್ಯ."

ಮೈತ್ರಿ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಅದು ತೊಡೆಗೆ ಒತ್ತುತ್ತಿತ್ತು.

ಹುಡುಗಿಯನ್ನು ಒಳಗೆ ಕರೆದೊಯ್ದ ಮೇಲೆ ಶಾಮಲಾ ಮೇಡಂ ಮೈತ್ರಿಯೊಬ್ಬಳನ್ನೇ ಆಸ್ಪತ್ರೆಯ ಹಿಂದಿನ ವರಾಂಡಕ್ಕೆ ಕರೆದರು. ಬೈಯಲಿಲ್ಲ.

"ನಾನು ಯಾವಾಗ್ಲೂ ನಿನ್ನ ಪಕ್ಕದಲ್ಲೇ ಬಂದು ನಿಲ್ತೀನಲ್ಲ, ಯಾಕೆ ಗೊತ್ತಾ?"

ಮೈತ್ರಿ ತಲೆ ತಗ್ಗಿಸಿದಳು.

"ನಿನ್ನ ಕೈ ನೋಡೋಕೆ. ಮಗು ಹೇಗಿದೆ ಅಂತ ನಿನ್ನ ಬೆರಳಿಗೆ ನನಗಿಂತ ಬೇಗ ತಿಳಿಯುತ್ತೆ. ಇಪ್ಪತ್ತಾರು ವರ್ಷ ಆಯ್ತು ನನಗೆ, ಇನ್ನೂ ಕಲೀಬೇಕು ಅನ್ಸುತ್ತೆ. ಇವತ್ತೂ ನಿನ್ನ ಕೈ ಮಾಡಬೇಕಾದ್ದು ಮಾಡಿದೆ. ಬಾಯಿಗೇನಾಗಿತ್ತು?"

ಉತ್ತರಕ್ಕೆ ಕಾಯದೆ ಮೇಡಂ ಲಾಗ್‌ಬುಕ್ಕನ್ನು ಅವಳ ಕೈಗಿಟ್ಟರು. ಪ್ರತಿದಿನದ ಕೊನೆಗೆ ಅದರಲ್ಲಿ 'ಈ ದಿನ ನಾನು ಕಲಿತದ್ದು' ಎಂಬ ಒಂದು ಪುಟ. ಮೈತ್ರಿ ಅದರಲ್ಲಿ ಎರಡು ಸಾಲಿಗಿಂತ ಹೆಚ್ಚು ಬರೆದವಳಲ್ಲ. ಶಾಂಭವಿ ಎರಡು ಕಡೆ ತಪ್ಪಿದ್ದಾಳೆ, ಅದು ಕಾಗದದ ಮೇಲೆ ಇದೆ ಎಂದರು ಮೇಡಂ. ನೀನು ತಪ್ಪಿದ್ದು ಯಾವ ಕಾಗದದಲ್ಲೂ ಇಲ್ಲ, ನಾಳೆ ಆಸ್ಪತ್ರೆಯ ತರಬೇತಿ ಕಮಿಟಿಯವರು ಇಬ್ಬರ ಪುಸ್ತಕವನ್ನೂ ನೋಡಿ ಕುರ್ಚಿ ಯಾರಿಗೆ ಅಂತ ನನ್ನನ್ನು ಕೇಳುತ್ತಾರೆ, ಈ ಪುಟ ನೀನೇ ಬರಿ ಎಂದರು. "ಸಂಜೆ ಐದಕ್ಕೆ ಬಂದು ತಗೊಳ್ತೀನಿ" ಎಂದು ಹೇಳಿ ಒಳಗೆ ಹೋದರು.

ಮೈತ್ರಿ ಬೆಂಚಿನ ಮೇಲೆ ಕೂತಳು. ಸುಮ್ಮನಿದ್ದರೆ ಸಾಕಿತ್ತು. ಊತ ಗಮನಿಸಿದೆ, ಕಾಲುಂಗುರ ತೆಗೆದೆ ಎಂದಷ್ಟೇ ಬರೆದರೆ ಅದೂ ಸುಳ್ಳಲ್ಲ, ಹೊಗಳಿಕೆಯೇ ಬಂದೀತು. ಇಷ್ಟು ದಿನ ದೇವರನ್ನು ಏನು ಬೇಡಿಕೊಂಡಿದ್ದಳೋ ಅದನ್ನೇ ದೇವರು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದ. ಶಾಂಭವಿಗೆ ಸಿಗುವುದಿಲ್ಲ, ತಗೋ. ಅವಳು ಜೇಬಿನಿಂದ ಕಾಲುಂಗುರ ತೆಗೆದು ಅಂಗೈಯಲ್ಲಿಟ್ಟು ನೋಡಿದಳು. ತನ್ನನ್ನು ಒಳ್ಳೆಯವಳೆಂದು ನಂಬಿ ಒಂದು ಜೀವ ಜಗಲಿಯ ತನಕ ನಡೆದು ಹೋಗಿತ್ತು. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಗೇಟು ದಾಟಿಬಿಡುತ್ತಿತ್ತು.

ಅವಳು ಬರೆಯತೊಡಗಿದಳು. ಪುಟ ಸಾಲದೆ ಹಿಂದಿನ ಮಗ್ಗುಲಿಗೂ ಹೋಯಿತು. ಹುಡುಗಿ ಹೇಳಿದ್ದನ್ನೆಲ್ಲ ಬರೆದಳು, ಗೊತ್ತಿದ್ದೂ 'ಇಲ್ಲ' ಎಂದದ್ದನ್ನು ಬರೆದಳು. ಯಾಕೆ ಎಂದೂ ಬರೆದಳು. ಅದೊಂದು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು.

ಮೇಡಂ ಬರುವ ಮೊದಲೇ ಶಾಂಭವಿ ಬಂದಳು. ಅತ್ತೂ ಅತ್ತೂ ವಿಭೂತಿ ಅಳಿಸಿಹೋಗಿತ್ತು. "ನಾನು ಆ ಹುಡುಗೀನ ಒಬ್ಬಳನ್ನೇ ಕೂರಿಸಿ ಕೇಳ್ಬೇಕಿತ್ತು ಮಾರಾಯ್ತಿ. ನೀನಾಗಿದ್ರೆ ಬಿಡ್ತಿರಲಿಲ್ಲ," ಅಂದಳು. ಮೈತ್ರಿ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟಳು. ಶಾಂಭವಿ ಓದಿದಳು. ಪುಟ ತಿರುವಿ ಹಿಂದಿನದನ್ನೂ ಓದಿದಳು. ಮುಚ್ಚಿ, ಬೆಂಚಿನ ಮೇಲಿಟ್ಟು, ಎದ್ದು ಹೋದಳು. ಮರುದಿನದಿಂದ ಬುತ್ತಿಯಲ್ಲಿ ಇಬ್ಬರಿಗಾಗುವಷ್ಟೇ ರೊಟ್ಟಿ ಬಂತು.

ಸ್ಪಂದನಾಳಿಗೆ ಶುಕ್ರವಾರ ಬೆಳಿಗ್ಗೆ ಆಪರೇಷನ್ ಮಾಡಿ ಹೆಣ್ಣುಮಗುವನ್ನು ತೆಗೆದರು. ಎರಡು ಕಿಲೋಗೂ ಕಡಿಮೆ, ಆದರೆ ಅಳು ಜೋರು. ಐದನೇ ದಿನಕ್ಕೆ ಪಾದದ ಊತ ಇಳಿಯಿತು. ಮೈತ್ರಿ ವಾರ್ಡಿಗೆ ಹೋಗಿ, ದಾರ ಕತ್ತರಿಸಿ, ಕಾಲುಂಗುರವನ್ನು ತಾನೇ ತೊಡಿಸಿ ಬಂದಳು. ಅತ್ತೆ ಅವಳ ಕೈಗೆ ಎರಡು ಬಾಳೆಹಣ್ಣು ಕೊಟ್ಟಳು. ಅವು ಬಸ್ಸಿನಲ್ಲಿ ಮಡಿಲಲ್ಲೇ ಉಳಿದವು.

ಗುರುವಾರ ಬಂತು. ಕುರ್ಚಿಯಲ್ಲಿ ಶಾಂಭವಿ ಕೂತಳು. ಒಳಕೋಣೆಯ ಬಾಗಿಲು ಅರ್ಧ ತೆರೆದು ಮೇಡಂ ಕೂತರು. ಮೈತ್ರಿಯ ಹೆಸರಿನ ಮುಂದೆ ಇನ್ನೂ ಆರು ತಿಂಗಳ ಮೇಲ್ವಿಚಾರಣೆ ಎಂದು ಬರೆದಿತ್ತು. ಅವಳು ತೂಕದ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲಿದ್ದಳು. ಹೊಟ್ಟೆಯೊಳಗಿನ ಕಿಚ್ಚು ಆರಿತ್ತೇ ಎಂದರೆ ಆರಿರಲಿಲ್ಲ. ಶಾಂಭವಿ ಕುರ್ಚಿಯ ಕೈಗಳ ಮೇಲೆ ಮೊಣಕೈ ಊರಿದಾಗಲೆಲ್ಲ ಅದು ಭಗ್ಗೆನ್ನುತ್ತಿತ್ತು. ಬೆಳಿಗ್ಗೆ ದೀಪದ ಮುಂದೆ ನಿಂತು ಅದನ್ನೂ ಮುಚ್ಚಿಡದೆ ಹೇಳಿಬಂದಿದ್ದಳು.

ಶಾಂಭವಿ ಮೊದಲ ಬಸುರಿಯ ಜೊತೆ ಬಂದವರನ್ನು ಹೊರಗೆ ಕೂರಲು ಹೇಳಿ, ಒಬ್ಬಳನ್ನೇ ವಿಚಾರಿಸಿ, ವರದಿ ಒಪ್ಪಿಸಿದಳು. ಒಳಗಿಂದ ಮೇಡಂ ದನಿ ಬಂತು.

"ಮೈತ್ರಿ, ಸೇರಿಸೋದೇನಾದ್ರೂ ಇದೆಯಾ?"

"ಇದೆ ಮೇಡಂ. ಕಣ್ಣಿನ ಒಳರೆಪ್ಪೆ ಬೆಳ್ಳಗಿದೆ, ತೂಕ ನೋಡುವಾಗ ಏದುಸಿರು ಬಿಡ್ತಿದ್ರು. ರಕ್ತ ಕಮ್ಮಿ ಇರಬಹುದು, ಇವತ್ತೇ ನೋಡಿಸಬೇಕು."

ಶಾಂಭವಿ ತಲೆ ಎತ್ತಲಿಲ್ಲ. ಆದರೆ ಬರೆದುಕೊಂಡಳು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ, "ಏದುಸಿರು ಅಂದ್ಯಲ್ಲ, ಕೂತಾಗಲೂ ಇತ್ತಾ?" ಎಂದು ಕೇಳಿದಳು. ಒಂದು ವಾರದಲ್ಲಿ ಅವಳು ಮೈತ್ರಿಯ ಜೊತೆ ಆಡಿದ ಮೊದಲ ಮಾತು ಅದು.

"ಇಲ್ಲ, ನಿಂತಾಗ ಮಾತ್ರ."

ಮಧ್ಯಾಹ್ನ ದ್ಯಾಮಮ್ಮ ಮಗಳಿಗೆ ಊಟ ತರುವ ನೆಪದಲ್ಲಿ ಬಂದಳು. ಮಗಳು ಇವತ್ತಿನಿಂದ ಎಲ್ಲಿ ಕೂರಬಹುದೆಂದು ಅವಳಿಗೆ ತಿಂಗಳ ಹಿಂದೆಯೇ ಗೊತ್ತಿತ್ತು. ಎಲ್ಲಿ ಕೂತಿಲ್ಲವೆಂಬುದು ಈಗ ಕಾಣುತ್ತಿತ್ತು. ಕುರ್ಚಿಯನ್ನು ಒಮ್ಮೆ ನೋಡಿದಳು, ಮಗಳ ಮುಖವನ್ನು ಇನ್ನೊಮ್ಮೆ. ಡಬ್ಬಿಯನ್ನು ನೆಲದ ಮೇಲಿಟ್ಟು, ಬಗ್ಗಿ, ಸ್ಟೂಲಿನ ಕಾಲನ್ನು ಹಿಡಿದು ಅಲ್ಲಾಡಿಸಿದಳು.

"ನನ್ನ ಕಾಲದಲ್ಲಿ ಇದು ಅಲ್ಲಾಡ್ತಿತ್ತು," ಅಂದಳು. "ಈಗ ಗಟ್ಟಿ ಆಗಿದೆ. ಊಟ ಮಾಡು."