ಒಂದೇ ಸಲ ಕೇಳಿದ ಹಾಡು

ಓಡುವ ಮೈಸೂರು ರೈಲಿನ ಕಿಟಕಿಯಿಂದ ತೂರಿಬಂದ ಹಾಡನ್ನು ರಾಮನಗರದ ಆಫ್ತಾಬ್ ಒಂದೇ ಒಂದು ಸಲ ಕೇಳಿದನಂತೆ. ಕೊನೇ ಡಬ್ಬಿ ದಾಟುವುದರೊಳಗೆ ಅದರ ಗಿಟಾರನ್ನು ಕೂದಲೆಳೆಯಷ್ಟೂ ತಪ್ಪದೆ ನುಡಿಸಿಬಿಟ್ಟನಂತೆ. ಗಾರ್ಡು ಬೆಪ್ಪಾಗಿ ಇಡೀ ರೈಲನ್ನೇ ಹಿಂದಕ್ಕೆ ತರಿಸಿ ಇನ್ನೊಂದು ಸಲ ಕೇಳಿಕೊಂಡು ಹೋದನಂತೆ. ಹೇಳಿದವನು ಸ್ವತಃ ಆಫ್ತಾಬನೇ. ಹೇಳಿದ್ದು ಚನ್ನಪಟ್ಟಣದ ಛತ್ರದಲ್ಲಿ, ಆರ್ಕೆಸ್ಟ್ರಾ ನಡೆಸುವ ಬಾಲರಾಜುವಿನ ಮುಂದೆ.

ತಂಡದ ಗಿಟಾರನ್ನೂ ತಾನೇ ನುಡಿಸುತ್ತಿದ್ದ ಬಾಲರಾಜು ಬೈಕಿನಿಂದ ಬಿದ್ದು ಎಡಗೈ ಬೆರಳು ಮುರಿದುಕೊಂಡಿದ್ದ. ಸಂಜೆಯ ರಿಸೆಪ್ಷನ್ನಿಗೆ ಗಿಟಾರ್ ಹಿಡಿಯುವವರಿಲ್ಲ. ಇವತ್ತು ಗೆದ್ದರೆ ಆಫ್ತಾಬ್ ತಂಡದ ಕಾಯಂ ಆಳು. ಸೋತರೆ ಮತ್ತೆ ಶರೀಫ್ ಚಾಚಾನ ರೀಲಿಂಗ್ ಶೆಡ್ಡು, ಕುದಿವ ನೀರಲ್ಲಿ ರೇಷ್ಮೆಗೂಡು ಕೆದಕುವ ಕೆಲಸ, ಏಳೂರಿಗೆ ಹೊಡೆಯುವ ನಾತ.

"ರೈಲು ಹಿಂದಕ್ ಬಂತಾ?" ಕೀಬೋರ್ಡಿನ ಮಹೇಂದ್ರ ಹಲ್ಲು ಕಿಸಿದ. "ಟಿಕೆಟ್ ಕಾಸು ವಾಪಸ್ ಕೊಟ್ರೇನ್ಲಾ?"

"ಸುಮ್ಕಿರ್ಲಾ," ಎಂದ ಬಾಲರಾಜು. "ನುಡ್ಸಪ್ಪ, ನೋಡೇಬುಡವ."

ಆಫ್ತಾಬನ ಅಂಗೈಯಲ್ಲಿ ಬೆವರಿನ ಅರ್ಕಾವತಿ ಉಕ್ಕಿ ಹರಿಯಿತು. ಎದೆಯ ಬಡಿತ ರಾಮದೇವರ ಬೆಟ್ಟಕ್ಕೆ ಕೇಳಿಸಿರಬೇಕು. ಆದರೂ ಬೆರಳು ಓಡಿತು. ಪಲ್ಲವಿ ಸರಾಗ. ಮಹೇಂದ್ರನ ಹಲ್ಲು ಒಳಗೆ ಹೋಯಿತು. ಚರಣ ಮುಗಿದು ಪಲ್ಲವಿಗೆ ತಿರುಗುವಲ್ಲಿ ಬೆರಳು ಟಕ್ಕನೆ ನಿಂತು, ತಾಳದ ಒಂದು ಏಟು ಖಾಲಿ ಬಿಟ್ಟು, ಕೆಳಗಿನ ಸ್ವರ ತಾಕಿ ಸರ್ರನೆ ಮೇಲಕ್ಕೆ ಜಾರಿತು. ಕಲಿಯುವಾಗ ಅವನನ್ನು ಅಳಿಸಿದ್ದ ಜಾಗ ಅದು.

ತಾಳ ಹಾಕುತ್ತಿದ್ದ ಬಾಲರಾಜುವಿನ ಕಾಲು ನಿಂತಿತು.

"ಅದೊಂದ್ ಕಡೆ ಮತ್ತೆ ನುಡ್ಸು."

ನುಡಿಸಿದ. ಅದೇ ನಿಲುಗಡೆ, ಅದೇ ಜಾರು.

"ಇದೂ ರೈಲಲ್ಲೇ ಕೇಳಿದ್ದಾ?"

"ಹೂಂ ಬಾಲರಾಜಣ್ಣ. ಭಾರಿ ಸ್ಟೈಲು ಅದು."

"ಸ್ಟೈಲಾ! ಹೋದ್ವರ್ಸ ವಿರೂಪಾಕ್ಷಿಪುರದ ಪ್ರೋಗ್ರಾಮಲ್ಲಿ ಈ ಹಾಡು ಬಾರುಸ್ತಿದ್ದೆ. ಲೈಟಿಗ್ ಮುತ್ಕಂಡಿದ್ ಹುಳ ಕಣ್ಣಿಗ್ ಬಿತ್ತು. ಉಜ್ಕಂಡೆ, ಬೆರಳು ತಪ್ ಜಾಗಕ್ ಬಿತ್ತು, ಎಳ್ದು ಸರಿ ಮಾಡ್ಕಂಡೆ. ಹುಳ ಬಿದ್ದಿದ್ದು ನನ್ ಕಣ್ಣಿಗೆ ಕಣ್ಲಾ, ನೀನ್ಯಾಕ್ಲಾ ನಿಲ್ಲುಸ್ದೆ?"

"ಹುಳಾನೂ ರೈಲಲ್ ಬಂದಿತ್ತೇನೋ!" ಎಂದ ಮಹೇಂದ್ರ. ಛತ್ರದ ಚಾವಣಿ ಹಾರಿಹೋಗುವಂಥ ನಗು.

ಆಫ್ತಾಬನ ಗಂಟಲಿಗೆ ಇನ್ನೊಂದು ಗಾರ್ಡು, ಇನ್ನೊಂದು ರೈಲು ಬಂದು ನಿಂತವು. ನುಂಗಿದ.

"ರೈಲಿಲ್ಲ ಅಣ್ಣ, ಗಾರ್ಡೂ ಇಲ್ಲ. ತಂಗಿ ಅತಿಯಾ ಫೋನಿಗೆ ಯಾರೋ ಕಳ್ಸಿದ್ ಯಾವ್ದೋ ಪ್ರೋಗ್ರಾಮಿನ್ ರೆಕಾರ್ಡಿಂಗು. ಬಾರ್ಸಿದ್ದು ಯಾರಂತ ಹೆಸ್ರೇ ಇರ್ನಿಲ್ಲ. ಶೆಡ್ಡಲ್ಲಿ ಮಿಷಿನ್ ಸದ್ದಿಗೆ ಕೇಳಾಕಿಲ್ಲ ಅಂತ ಫೋನ್ನ ತಪ್ಪಲೆ ಒಳಗಿಟ್ಟು, ಒಸಿ ಒಸಿನೇ ಹಿಂದಕ್ಕೆಳ್ದು, ಒಂದೊಂದೇ ಸ್ವರ ಹುಡುಕ್ದೆ. ಈಗ ಆ ಹಾಡು ಶುರುವಾದ್ರೆ ಅಮ್ಮಿ ಪೊರಕೆ ಎತ್ಕತಾಳೆ."

ಬಾಲರಾಜು ಬ್ಯಾಂಡೇಜಿನ ಬೆರಳುಗಳನ್ನೇ ನೋಡಿಕೊಂಡ. "ಒಂದೇ ಸಲಕ್ ಬರಾಕಿಲ್ಲ ಅನ್ನು."

"ನೂರ್ ಸಲಕ್ಕೂ ಬರಾಕಿಲ್ಲಣ್ಣ."

"ಬೇರೆ ಹಾಡು?"

"ಇದೊಂದೇ."

"ಸರಿ. ಸಂಜೆ ಇದೊಂದಕ್ಕೆ ಸ್ಟೇಜ್ ಹತ್ತು, ಮಿಕ್ಕಿದ್ದನ್ನ ಮಹೇಂದ್ರ ನೋಡ್ಕತಾನೆ. ಇನ್ನೊಂದಷ್ಟು ಹಾಡು ಕಲ್ತ್ಕಂಡ್ ಬಾ, ಕಾಯಂ ಮಾತು ಆಗ ಆಡವ. ಆದ್ರೆ ಆ ಹುಳ ತೆಗ್ದಾಕು."

ಆಫ್ತಾಬ್ ಗಿಟಾರನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿದ.

"ಅದೇ ಆಗಾಕಿಲ್ಲಣ್ಣ. ಅಲ್ಲಿ ನಿಲ್ದೇ ಹೋದ್ರೆ ಮುಂದಿಂದು ನಂಗ್ ಬರೋದೇ ಇಲ್ಲ."